ರೋಬೊಗೆ ಯಾವ ದೂರಮಾಪಕ? ಬಳ್ಳಾರಿ ಬಿಸಿಲಲ್ಲೇ ಅಳೆದು ನೋಡಿ

ಗೋಡೆ ಎದುರಾದರೆ ತಾನೇ ತಿರುಗುವ ರೋಬೊ ಕಾರು ಮಾಡಬೇಕೆಂದರೆ ಮೊದಲು ದೂರ ಅಳೆಯುವ ಸೆನ್ಸರ್ ಬೇಕು. ಪೊಟ್ಟಣದ ಮೇಲಿನ ‘ನಾಲ್ಕು ಮೀಟರ್’, ‘ಎರಡು ಮೀಟರ್’ ನೋಡಿ ಆರಿಸಬೇಡಿ. ಎಲ್ಲ ಅನುಕೂಲವಾಗಿದ್ದಾಗ ಸಿಗುವ ಅಂಕಿ ಅವು. ನಿಮ್ಮ ಕಾರು ಓಡುವುದು ಬಳ್ಳಾರಿಯ ಏಪ್ರಿಲ್ ಅಂಗಳದಲ್ಲಿ.

ಮೊದಲು ನೆಲಕ್ಕೆ ಅಳತೆ ಟೇಪು ಅಂಟಿಸಿ, 5ರಿಂದ 150 ಸೆಂ.ಮೀ.ವರೆಗೆ ಗುರುತು ಹಾಕಿ. ಎದುರಿಗಿಡಲು ಮೂರು ವಸ್ತು ಸಾಕು: ಬಿಳಿ ರಟ್ಟು, ಗ್ರಾನೈಟ್ ತುಂಡು, ದಪ್ಪ ಜೀನ್ಸ್ ಬಟ್ಟೆ. ಜೀನ್ಸ್ ಹೊಲಿಯುವ ಊರಲ್ಲಿ ತುಂಡು ಬಟ್ಟೆಗೆ ಬರವಿಲ್ಲ. ಪ್ರತಿ ಗುರುತಿನಲ್ಲೂ 20 ಸಲ ಅಳೆದು, ನಡುವಿನ ಅಂಕಿಯ ಜೊತೆಗೆ ಅತಿ ಹೆಚ್ಚು, ಅತಿ ಕಡಿಮೆ ಬಂದದ್ದನ್ನೂ ಬರೆದಿಡಿ. ಒಮ್ಮೆ ಕೋಣೆಯೊಳಗೆ, ಒಮ್ಮೆ ಮಧ್ಯಾಹ್ನದ ಬಿಸಿಲಲ್ಲಿ.

ಕಿವಿಗೆ ಕೇಳದ ಶಬ್ದದಿಂದ ದೂರ ಅಳೆಯುವ, ಅಗ್ಗದ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್‌ನಿಂದ ಶುರು ಮಾಡಿ. ಟ್ರಿಗರ್ ಪಿನ್ನಿಗೆ 10 ಮೈಕ್ರೊಸೆಕೆಂಡ್ ಸಂಕೇತ ಕೊಟ್ಟರೆ ಅದು 40 ಕಿಲೊಹರ್ಟ್ಜ್ ಶಬ್ದ ಹೊರಡಿಸಿ, ಮರುದನಿ ಬರುವ ಹೊತ್ತನ್ನು ಎಕೊ ಪಿನ್ನಿನಲ್ಲಿ ತಿಳಿಸುತ್ತದೆ. ಆ ಹೊತ್ತನ್ನು ಶಬ್ದದ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ. ನಮ್ಮೂರಿನ ತೊಡಕು ಇರುವುದು ಆ ವೇಗದಲ್ಲೇ. ಕಾಪಿ ಮಾಡಿಕೊಂಡ ಕೋಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೆಕೆಂಡಿಗೆ 343 ಮೀಟರ್; ಅದು 20 ಡಿಗ್ರಿಯ ಲೆಕ್ಕ. 42 ಡಿಗ್ರಿಯಲ್ಲಿ ವೇಗ ಸುಮಾರು 357. ತಿದ್ದದಿದ್ದರೆ ಒಂದು ಮೀಟರ್ ದೂರದ ಗೋಡೆ 96 ಸೆಂ.ಮೀ. ಎಂದು ತೋರುತ್ತದೆ. ಡಿಎಚ್‌ಟಿ11 ತಾಪ ಸೆನ್ಸರ್ ಜೋಡಿಸಿ, 331.3ಕ್ಕೆ ತಾಪಮಾನದ 0.606 ಪಟ್ಟು ಕೂಡಿಸಿ, ಬಂದ ವೇಗವನ್ನೇ ಬಳಸಿ. ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡಿ, ಹಳೆಯ ಮರುದನಿ ಬೆರೆಯುವುದಿಲ್ಲ. ಇದಕ್ಕೆ ಬಿಸಿಲಿನ ಬೆಳಕು ಅಡ್ಡಿಯಲ್ಲ. ಆದರೆ ಜೀನ್ಸ್ ಬಟ್ಟೆ ಶಬ್ದವನ್ನು ಹೀರುತ್ತದೆ, ಓರೆಯಾಗಿಟ್ಟ ಗ್ರಾನೈಟ್ ಅದನ್ನು ಬೇರೆಡೆಗೆ ಅಟ್ಟುತ್ತದೆ.

ಶಾರ್ಪ್ ಕಂಪನಿಯ ಜಿಪಿ2ವೈ0ಎ21 ಇನ್ಫ್ರಾರೆಡ್ ಸೆನ್ಸರ್ 10ರಿಂದ 80 ಸೆಂ.ಮೀ. ಅಳೆಯುತ್ತದೆ. ವಸ್ತು ಹತ್ತಿರವಾದಂತೆ ಅದು ಹೆಚ್ಚು ವೋಲ್ಟೇಜ್ ಕೊಡುತ್ತದೆ. ಆದರೆ 10ಕ್ಕಿಂತ ಹತ್ತಿರ ಬಂದರೆ ವೋಲ್ಟೇಜ್ ಮತ್ತೆ ಇಳಿದು, ಮೂತಿಗೆ ತಾಗುವ ಗೋಡೆಯೂ ದೂರದಲ್ಲಿದೆ ಎನ್ನುತ್ತದೆ. ಹಾಗಾಗಿ ಕಾರಿನ ಮುಂಭಾಗದಿಂದ 10 ಸೆಂ.ಮೀ. ಹಿಂದೆ ಕೂರಿಸಿ. ಮನೆಯಲ್ಲಿ ಈಗಾಗಲೇ ಇದ್ದರೆ ಬಳಸಿ. ಹೊಸದಾಗಿ ಕೊಳ್ಳುವುದಾದರೆ ನನ್ನ ಒಲವು ಮುಂದಿನದರ ಕಡೆಗೆ.

ವಿಎಲ್53ಎಲ್0ಎಕ್ಸ್ ಉಗುರಿಗಿಂತ ಚಿಕ್ಕ ಲೇಸರ್ ಚಿಪ್. ಕಣ್ಣಿಗೆ ಕಾಣದ 940 ನ್ಯಾನೊಮೀಟರ್ ಬೆಳಕು ಹೋಗಿ ಬರುವ ಹೊತ್ತನ್ನೇ ಎಣಿಸುತ್ತದೆ. ಒಳಾಂಗಣದಲ್ಲಿ ಬಿಳಿ ರಟ್ಟನ್ನು ಎರಡು ಮೀಟರ್‌ವರೆಗೆ ಹಿಡಿಯಬಲ್ಲದು. ಬಿಸಿಲಿಗೆ ತಂದರೆ ಆ ವ್ಯಾಪ್ತಿ ಕುಗ್ಗುತ್ತದೆ, ಕಪ್ಪು ವಸ್ತುವಿನ ಮುಂದೆ ಇನ್ನೂ ಕುಗ್ಗುತ್ತದೆ. ಇಂಥ ಎರಡು ಚಿಪ್ ಜೋಡಿಸಿದರೆ ಎರಡರದೂ ಒಂದೇ ವಿಳಾಸ (ಬೋರ್ಡ್ ಚಿಪ್ಪನ್ನು ಗುರುತಿಸುವ ಸಂಖ್ಯೆ). ಎಕ್ಸ್‌ಶಟ್ ಪಿನ್ನಿನಿಂದ ಒಂದನ್ನು ಮಲಗಿಸಿ, ಇನ್ನೊಂದರ ವಿಳಾಸ ಬದಲಿಸಿ.

ಅಂಗಳಕ್ಕೆ ಅಲ್ಟ್ರಾಸಾನಿಕ್ ಮತ್ತು ತಾಪ ಸೆನ್ಸರ್, ಕೋಣೆಗೆ ಲೇಸರ್ ಎಂಬುದು ನನ್ನ ಆಯ್ಕೆ. ಕಾರನ್ನು ನಡೆಸುವ ಬೋರ್ಡ್ ಆಗಿ ಆರ್ಡುಯಿನೊ ಊನೊ ಬದಲು ಇಎಸ್‌ಪಿ32 ಬಳಸುವವರು ಮಾತ್ರ ಎಚ್ಚರ: ಎಚ್‌ಸಿ-ಎಸ್‌ಆರ್04ರ ಎಕೊ ಪಿನ್ 5 ವೋಲ್ಟ್ ಕೊಡುತ್ತದೆ, ಬೋರ್ಡ್ ನಡೆಯುವುದು 3.3ರಲ್ಲಿ. ಎಕೊ ಪಿನ್ನಿನಿಂದ 1 ಕಿಲೊಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೊಓಮ್ ರೆಸಿಸ್ಟರ್ ಹಾಕಿ, ಅವೆರಡರ ನಡುವಿನಿಂದ ಬೋರ್ಡಿಗೆ ತಂತಿ ಎಳೆಯಿರಿ.