ಗ್ರೋ ಟೆಂಟ್‌ಗೆ ಗಾಳಿ ಊದಬೇಡಿ, ಹೊರಗೆ ಎಳೆಯಿರಿ

ಪೈಪು, ಶೀಟು ಕಟ್ಟಿ ಟೊಮೆಟೊ, ಕ್ಯಾಪ್ಸಿಕಂ ಸಸಿಗೆ ಮನೆಯೊಳಗೇ ಪುಟ್ಟ ಗ್ರೋ ಟೆಂಟ್ (ಒಳಗೆ ಲೈಟ್ ಹಾಕಿ ಗಿಡ ಬೆಳೆಸುವ ಗುಡಾರ) ಮಾಡಿಕೊಂಡಿದ್ದೀರಾ? ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಮೇಲಿನ ಮೂಲೆಯಲ್ಲಿ ಗಾಳಿ ಹೊರಗೆ ಹೋಗುವ ಹಾಗೆ ಕೂರಿಸಿ, ಎದುರು ಮೂಲೆಯ ಬುಡದಲ್ಲಿ ಅದರ ಎರಡು ಪಟ್ಟು ದೊಡ್ಡ ಕಿಂಡಿ ಬಿಡಿ. ಬಿಸಿ ಗಾಳಿ ಹೇಗೂ ಮೇಲಕ್ಕೇ ಏರುತ್ತೆ ಅಲ್ವಾ, ಫ್ಯಾನ್ ಅದನ್ನು ಎಳೆದು ಬಿಸಾಕಿದರೆ ತಂಪು ಗಾಳಿ ಕೆಳಗಿನಿಂದ ತಾನಾಗೇ ಬರುತ್ತೆ, ತೇವ ನಿಂತು ಸಸಿ ಬುಡ ಕೊಳೆಯುವುದೂ ಕಡಿಮೆ. ಹಳೇ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಸಾಕು, ಆದರೆ ಫ್ಯಾನಿನ ಸ್ಟಿಕ್ಕರಿನಲ್ಲಿರುವ ಆಂಪಿಯರ್‌ಗಿಂತ ಅಡಾಪ್ಟರಿನದು ಕಡಿಮೆ ಇರಬಾರದು. ಕೆಳಗಿನ ಕಿಂಡಿ ಹತ್ತಿರ ಊದುಬತ್ತಿ ಹಿಡಿದು ನೋಡಿ (ಶೀಟಿಗೆ ತಾಗಿಸಬೇಡಿ), ಹೊಗೆ ಎಳೆ ಒಳಗೆ ಬಾಗಿದರೆ ಸರಿಯಾಗಿದೆ. ಬಾಗದಿದ್ದರೆ ಫ್ಯಾನ್ ಉಲ್ಟಾ ಇದೆ, ಇಲ್ಲಾ ಹೊಲಿಗೆ ಬಿಟ್ಟ ಕಡೆ ಗಾಳಿ ಸೋರುತ್ತಿದೆ. ಕಿಂಡಿಗೆ ಸೊಳ್ಳೆ ಪರದೆ ಕಟ್ಟಿದ್ದರೆ ವಾರಕ್ಕೊಮ್ಮೆ ಧೂಳು ಕೊಡವಿ. ಒಂದು ಮಾತು, ಏಪ್ರಿಲ್-ಮೇನಲ್ಲಿ ನಮ್ಮ ಚಿಕ್ಕಬಳ್ಳಾಪುರದ ಶೀಟಿನ ಮನೆಗಳಲ್ಲಿ ರೂಮೇ ಕಾದಿರುತ್ತೆ, ಆಗ ಈ ಉಪಾಯ ನಡೆಯಲ್ಲ, ಯಾಕಂದ್ರೆ ಫ್ಯಾನ್ ಟೆಂಟನ್ನು ರೂಮಿಗಿಂತ ತಂಪು ಮಾಡಲಾರದು. ಆ ತಿಂಗಳುಗಳಲ್ಲಿ ಲೈಟನ್ನು ರಾತ್ರಿ ಹೊತ್ತು ಹಾಕಿ, ಹಗಲು ಆರಿಸಿಬಿಡಿ.