ಕೊನೆಗೂ ಲೋಬಿನಲ್ಲಿ ಸಿಡಿ4 ಬಂತು: ನನ್ನ ಅನುಭವ

"ಓಪಿ9-ಡಿಎಲ್1 ಇರುವಾಗ ಈ ಹಳೇ ಪದ್ಧತಿ ಯಾಕೆ?" ಲ್ಯಾಬ್ ಮೀಟಿಂಗಿನಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಓಪಿ9-ಡಿಎಲ್1 ಅಂದರೆ ತಟ್ಟೆಯಲ್ಲೇ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಬೆಳೆಸಲು ಆಸರೆಯಾಗುವ ಕೋಶಗಳು. ಹಳೇ ಪದ್ಧತಿ ಅಂದರೆ ಇಲಿ ಭ್ರೂಣದ ಥೈಮಸ್ಸಿನ (ಟಿ ಕೋಶ ಬಲಿಯುವ ಅಂಗ) ಲೋಬನ್ನೇ, ಅಂದರೆ ಹೋಳನ್ನೇ, ಹೊರಗೆ ಬೆಳೆಸುವುದು. ಭ್ರೂಣದ ಥೈಮಸ್ ಬೆಳೆಸುವುದು ನಮ್ಮಲ್ಲಿ ಆಗುವ ಕೆಲಸ ಅಲ್ಲ ಅಂತ ಸೀನಿಯರ್ ಒಬ್ಬರು ಮುಖಕ್ಕೇ ಹೇಳಿದ್ದರು. ಹದಿನಾಲ್ಕು ತಿಂಗಳು ಹಿಡಿಯಿತು, ಆದರೆ ಆಯಿತು. ಹೊರಗಿನಿಂದ ಹಾಕಿದ ಎಳೆ ಕೋಶಗಳು ಲೋಬಿನೊಳಗೇ ಬಲಿತು ಸಿಡಿ4 (ಒಂದು ಬಗೆಯ ಟಿ ಕೋಶ) ಆದವು. ಮೂರು ಸಲ ಮಾಡಿದೆ, ಮೂರೂ ಸಲ ಬಂತು.

ಓಪಿ9-ಡಿಎಲ್1 ನಾನೂ ಮಾಡಿದ್ದೇನೆ. 2002ರಲ್ಲಿ ಅದು ಬಂದಾಗಿನಿಂದ ಎಲ್ಲರ ಕೆಲಸ ಸುಲಭವಾಗಿದೆ, ನಿಜ. ಡಿಪಿ (ಸಿಡಿ4, ಸಿಡಿ8 ಎರಡೂ ಗುರುತು ಇರುವ ಎಳೆ ಕೋಶ) ಹಂತದವರೆಗೆ ಚೆನ್ನಾಗಿ ಬರುತ್ತವೆ. ಆದರೆ ಓಪಿ9 ಕೋಶದ ಮೇಲೆ ಸಿಡಿ4 ಬಲಿಯಲು ಬೇಕಾದ ಪ್ರೋಟೀನ್, ಅಂದರೆ ಕ್ಲಾಸ್ 2 ಎಂಎಚ್‌ಸಿ ಇಲ್ಲ. ಸಿಡಿ4 ಎಲ್ಲಿಂದ ಬರಬೇಕು? ನನಗೆ ಬೇಕಾಗಿದ್ದದ್ದೇ ಅದು. ಹಾಗಾಗಿ ಲೋಬೇ ಗತಿ.

ಮೊದಲ "ಗೆಲುವು" ಐದನೇ ತಿಂಗಳಲ್ಲಿ ಬಂತು. ಫ್ಲೋನಲ್ಲಿ (ಕೋಶದ ಗುರುತು ನೋಡಿ ಎಣಿಸುವ ಯಂತ್ರ) ಡಿಪಿ, ಸಿಡಿ4, ಸಿಡಿ8 ಎಲ್ಲಾ ಪುಸ್ತಕದಲ್ಲಿ ಇದ್ದ ಹಾಗೆ. ಖುಷಿಯಾಗಿ ಗೈಡ್‌ಗೆ ಫೋನ್ ಮಾಡಿಬಿಟ್ಟೆ. ಆಮೇಲೆ ಕೋಶ ಯಾವ ಇಲಿಯದ್ದು ಅಂತ ತಿಳಿಸುವ ಗುರುತು ಸಿಡಿ45 ನೋಡಿದರೆ ಎಲ್ಲವೂ 45.2, ಅಂದರೆ ಲೋಬಿನ ಸ್ವಂತ ಕೋಶಗಳು. ನಾನು ಹಾಕಿದ್ದ 45.1 ಒಂದೂ ಇಲ್ಲ. ಲೋಬಿನ ಸ್ವಂತ ಕೋಶಗಳನ್ನು ಮೊದಲೇ ಕೊಲ್ಲಲು ಹಾಕುವ ಡಿಆಕ್ಸಿಗ್ವಾನೊಸಿನ್ ಕೆಲಸವೇ ಮಾಡಿರಲಿಲ್ಲ. ಕಾರಣ ಹುಡುಕಲು ಎರಡು ತಿಂಗಳು ಹೋಯಿತು. ಫ್ರೀಜರಿನಿಂದ ತೆಗೆದ ಸ್ಟಾಕಿನಲ್ಲಿ ತಳಕ್ಕೆ ಹರಳು ಕೂತಿತ್ತು, ನಾನು ಮೇಲಿನ ನೀರನ್ನಷ್ಟೇ ಹಾಕುತ್ತಿದ್ದೆ. ಲೆಕ್ಕದಲ್ಲಿ 1.35 ಮಿಲಿಮೋಲಾರ್, ಲೋಬಿಗೆ ಸಿಕ್ಕಿದ್ದು ಎಷ್ಟೋ! ಈಗ ಬಿಸಿನೀರಿನಲ್ಲಿ ಇಟ್ಟು, ಟ್ಯೂಬನ್ನು ಬೆಳಕಿಗೆ ಹಿಡಿದು, ಹರಳು ಪೂರ್ತಿ ಕರಗಿದೆ ಅಂತ ನೋಡಿಯೇ ಬಳಸುತ್ತೇನೆ. ಲೋಬನ್ನು ಅದರಲ್ಲಿ ಆರು ದಿನ ಇಡುತ್ತೇನೆ.

ಅದು ಸರಿಹೋದ ಮೇಲೆ ಇನ್ನೊಂದು ಕಷ್ಟ. ಈಗ ಲೋಬು ಖಾಲಿಯಾಯಿತು, ಆದರೆ ಹಾಕಿದ ಕೋಶಗಳೂ ಸತ್ತವು. ಔಷಧಿ ಲೋಬಿನೊಳಗೇ ಉಳಿದಿತ್ತು ಅಲ್ವಾ? ನಾನು ಹತ್ತು ನಿಮಿಷ ತೊಳೆದು ಬಿಡುತ್ತಿದ್ದೆ. ಈಗ ಎರಡು ಗಂಟೆ, ನಡುವೆ ಮೂರು ಸಲ ಮೀಡಿಯಂ ಬದಲಾಯಿಸುತ್ತೇನೆ. ತೊಳೆಯುವಾಗ ಇನ್ನೊಂದು ಸಣ್ಣ ಕೆಲಸವೂ ಮಾಡುತ್ತೇನೆ. ಅದನ್ನು ಪೇಪರ್ ಬರುವವರೆಗೆ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಸಣ್ಣ ಗುಳಿಗಳಿರುವ ಟೆರಸಾಕಿ ಪ್ಲೇಟಿನಲ್ಲಿ ಲೋಬಿಗೆ ಸಾವಿರ ಕೋಶ ಹಾಕಿ, ಲೋಬು ಹನಿಯಲ್ಲಿ ತೂಗುವಂತೆ ಪ್ಲೇಟು 48 ಗಂಟೆ ತಲೆಕೆಳಗು. ಆಮೇಲೆ ಸ್ಪಾಂಜಿನ ಮೇಲಿಟ್ಟ ಫಿಲ್ಟರ್ ಮೇಲೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಮೀಡಿಯಂ ಜಾಸ್ತಿ ಹಾಕುವುದು. ಲೋಬು ಮುಳುಗಿತೋ, ಮುಗಿಯಿತು. ಅದಕ್ಕೆ ಗಾಳಿ ಬೇಕು. ಮುಳುಗಿಸಿಯೇ ಬೆಳೆಸಬೇಕು ಅಂದರೆ ಆಕ್ಸಿಜನ್ ತುಂಬಾ ಏರಿಸಬೇಕು, ಅಂಥ ಇನ್‌ಕ್ಯುಬೇಟರ್ ನಮ್ಮಲ್ಲಿ ಇಲ್ಲ. ಸ್ಪಾಂಜಿನ ಮೇಲ್ಮೈ ಒದ್ದೆಯಾಗಿ ಹೊಳೆಯಬೇಕು, ಅಷ್ಟೇ. ಆಮದು ಸ್ಪಾಂಜಿಗೆ ದುಡ್ಡು ಸುರಿಯಬೇಡಿ. ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಲು ಬಳಸುವ ಜೆಲಾಟಿನ್ ಸ್ಪಾಂಜ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ನಾನು ಅದರಲ್ಲೇ ಮಾಡಿದ್ದು.

ದುಡ್ಡು ತಿಂದಿದ್ದು ಮೀಡಿಯಂಗೆ ಸೇರಿಸುವ ಸೀರಮ್. ಆಗ ಒಂದು ಬಾಟಲಿಗೆ ಹೆಚ್ಚುಕಡಿಮೆ 40 ಸಾವಿರ ಇತ್ತು. ನಾಲ್ಕು ಲಾಟ್ ನೋಡಿದೆ, ಒಂದರಲ್ಲಿ ಮಾತ್ರ ಲೋಬು ದಪ್ಪಗಾಯಿತು. ಇನ್ನೊಂದು ಸಲ ಪಾರ್ಸೆಲ್ ಬರುವಷ್ಟರಲ್ಲಿ ಡ್ರೈ ಐಸ್ ಖಾಲಿ, ಸೀರಮ್ ಕರಗಿ ಬೆಚ್ಚಗಾಗಿತ್ತು. ಆ ದುಡ್ಡು ವಾಪಸ್ ಬರಲೇ ಇಲ್ಲ. ಇಲಿಗಳದ್ದು ಬೇರೆ ಲೆಕ್ಕ. ರಾತ್ರಿ ಜೋಡಿ ಹಾಕಿ ಬೆಳಗ್ಗೆ ಪ್ಲಗ್ (ಇಲಿಗಳು ಕೂಡಿದ ಗುರುತು) ನೋಡಲು ಒಂದು ದಿನ ತಪ್ಪಿದರೂ ಭ್ರೂಣದ ವಯಸ್ಸು ತಪ್ಪುತ್ತದೆ. 17 ದಿನದ ಲೋಬಿನಲ್ಲಿ ಡಿಪಿ ಆಗಲೇ ಇರುತ್ತವೆ, ಎಲ್ಲಾ ಲೆಕ್ಕ ಹಾಳು.

ಮಧ್ಯೆ ಒಂದು ವಾರ ಬೇರೆ ದಾರಿ ಹಿಡಿದಿದ್ದೆ. ಲೋಬಿಲ್ಲದೆ ಡಿಪಿ ಕೋಶ ಬದುಕುತ್ತವಾ ಅಂತ ಸುಮ್ನೆ ನೋಡೋಣ ಅನಿಸಿತು. ಬಿಡಿಸಿ ತಟ್ಟೆಯಲ್ಲಿಟ್ಟು ಐಎಲ್7 (ಎಳೆ ಕೋಶಗಳನ್ನು ಬದುಕಿಸುವ ಪ್ರೋಟೀನ್) ಹಾಕಿದೆ. ಡಿಎನ್ ಕೋಶಗಳು (ಸಿಡಿ4, ಸಿಡಿ8 ಎರಡೂ ಇಲ್ಲದ, ಡಿಪಿಗಿಂತ ಎಳೆಯವು) ಗಟ್ಟಿಯಾಗಿ ನಿಂತವು. ಡಿಪಿ ಮಾರನೇ ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಸತ್ತಿದ್ದವು. ಆ ಹಂತಕ್ಕೆ ಬರುವಷ್ಟರಲ್ಲಿ ಐಎಲ್7 ರಿಸೆಪ್ಟರ್ ಇಳಿದಿರುತ್ತದೆ, ಎಷ್ಟು ಸುರಿದರೂ ಅವಕ್ಕೆ ಕೇಳಿಸುವುದಿಲ್ಲ. ಮೂರ್ನಾಲ್ಕು ದಿನ ಅವುಗಳದೇ ಬಿಸಿಎಲ್-ಎಕ್ಸ್ಎಲ್ ಅನ್ನುವ ಪ್ರೋಟೀನ್ ಸಾವನ್ನು ತಡೆದು ನಿಲ್ಲಿಸುತ್ತದೆ, ಅಷ್ಟರೊಳಗೆ ಥೈಮಸ್ಸಿನ ಎಪಿಥೀಲಿಯಲ್ ಕೋಶದಿಂದ ಸಿಗ್ನಲ್ ಸಿಗಬೇಕು. ಬಹುಪಾಲಿಗೆ ಸಿಗುವುದಿಲ್ಲ. ಲೋಬಿನಲ್ಲೂ ಹೆಚ್ಚಿನವು ಸಾಯುತ್ತವೆ ಅನ್ನುವುದನ್ನು ಕಣ್ಣಾರೆ ಎಣಿಸಿದಾಗಲೇ ಮನಸ್ಸಿಗೆ ಇಳಿದಿದ್ದು. ಐಎಲ್7 ಅನ್ನು ಲೋಬಿಗೂ ಜಾಸ್ತಿ ಹಾಕಿ ನೋಡಿದೆ. ಗಾಮಾ-ಡೆಲ್ಟಾ (ಬೇರೆ ಬಗೆಯ ಟಿ ಕೋಶ) ಹೆಚ್ಚಾಯಿತು, ಡಿಪಿ ಕಮ್ಮಿಯಾಯಿತು. ಆಗಿನಿಂದ ಒಂದು ಹನಿಯೂ ಹಾಕುವುದಿಲ್ಲ.

ಕಲ್ಚರಿನ 14ನೇ ದಿನ ತೆಗೆದರೆ ಲೋಬಿಗೆ ಸುಮಾರು 60-70 ಸಾವಿರ ಕೋಶ, ಅದರಲ್ಲಿ ಸಿಡಿ4 ನೂರಕ್ಕೆ ಎಂಟೋ ಒಂಬತ್ತೋ. ಎಲ್ಲವೂ 45.1. ಈ ಸಲ ಮೊದಲು ಅದನ್ನೇ ನೋಡಿದ್ದು, ಫೋನ್ ಆಮೇಲೆ ಮಾಡಿದ್ದು.