ಹದಿಹರೆಯದವರು ಮರುವಾರವೂ ಬರಬೇಕೆ? ಗ್ರಂಥಾಲಯ ಕಾರ್ಯಕ್ರಮವನ್ನು ಹೀಗೆ ಯೋಜಿಸಿ

ಮಕ್ಕಳ ವಿಭಾಗದಲ್ಲಿ ಕಥೆ ಕೇಳುತ್ತಾ ಬೆಳೆದವರು 12–13 ತುಂಬುತ್ತಲೇ ಗ್ರಂಥಾಲಯದಿಂದ ಮರೆಯಾಗುವುದುಂಟು. ಅಲ್ಲಿನ ಕುರ್ಚಿ ಅವರಿಗೆ ಸಣ್ಣದಾಗಿರುತ್ತದೆ; ದೊಡ್ಡವರ ಓದುಕೋಣೆಯಲ್ಲಿ ಪಿಸುಗುಟ್ಟಿದರೂ ತಲೆಗಳು ತಿರುಗುತ್ತವೆ. ಒಂದು ದಿನದ ಭಾಷಣ, ಸ್ಪರ್ಧೆ, ಬಹುಮಾನ ಇಟ್ಟರೆ ಅವತ್ತು ಸಭಾಂಗಣ ತುಂಬುತ್ತದೆ, ಮರುವಾರ ಖಾಲಿ. ಅದಕ್ಕೇ ವಾರಕ್ಕೊಮ್ಮೆಯಂತೆ 6 ವಾರ ನಡೆಯುವ ಸರಣಿಯನ್ನೇ ಹಾಕಿಕೊಳ್ಳಿ. ಅದರ ತಯಾರಿಗೆ 8 ವಾರ ಇಟ್ಟುಕೊಳ್ಳಿ.

ಮೊದಲು ಕೇಳಿ, ಬಾರದವರನ್ನೂ ಕೇಳಿ

ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಈ ಸೇವೆಗೆ 12ರಿಂದ 18ರ ವಯಸ್ಸನ್ನು ಗುರುತಿಸಿದೆ. ಆದರೆ 12ರವರನ್ನೂ 17ರವರನ್ನೂ ಒಂದೇ ಮೇಜಿಗೆ ಕೂರಿಸಿದರೆ ದೊಡ್ಡವರು ಬೇಸತ್ತು ಏಳುತ್ತಾರೆ, ಚಿಕ್ಕವರು ಬಾಯಿಯೇ ಬಿಡುವುದಿಲ್ಲ. 12–14, 15–18 ಎಂದು ಎರಡು ಗುಂಪು ಮಾಡಿ. ಸಿಬ್ಬಂದಿ ಕಡಿಮೆಯಿದ್ದರೆ ಮೊದಲ ಸರಣಿ ಒಂದು ಗುಂಪಿಗೆ ಸಾಕು.

ಅಂಗೈಯಗಲದ ಚೀಟಿಯಲ್ಲಿ ಮೂರೇ ಪ್ರಶ್ನೆ ಇರಲಿ: ತರಗತಿ ಮುಗಿದ ಮೇಲೆ ಎಲ್ಲಿರುತ್ತೀರಿ? ಯಾವ ದಿನ, ಯಾವ ಹೊತ್ತು ಬಿಡುವು? ಕೈಯಾರೆ ಏನನ್ನು ಮಾಡಿ ಕಲಿಯಬೇಕು ಅನ್ನಿಸಿದೆ? ‘ನಿಮಗೆ ಓದು ಇಷ್ಟವೇ’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ‘ಹೌದು’ ಎಂದೇ ಬರೆಯುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಚೀಟಿಗಳಲ್ಲಿ ಅರ್ಧದಷ್ಟಾದರೂ ಶಾಲೆ, ಆಟದ ಮೈದಾನ, ಬಸ್ ನಿಲ್ದಾಣಗಳಿಂದ ಬರಲಿ. ಕೌಂಟರಿನ ಮೇಲಿಟ್ಟ ಡಬ್ಬಿಗೆ ಬೀಳುವುದು ಈಗಾಗಲೇ ಬರುತ್ತಿರುವವರ ಮಾತು ಮಾತ್ರ.

ಅಧಿಕಾರ ಕೊಡಿ

ಚೀಟಿ ತುಂಬಿದವರಲ್ಲಿ 6ರಿಂದ 10 ಮಂದಿಯ ಸಲಹಾ ತಂಡ ಕಟ್ಟಿ. ತರಗತಿಗೆ ಮೊದಲ ಸ್ಥಾನ ಪಡೆಯುವವರನ್ನೇ ಆರಿಸಿದರೆ ಅದು ಇನ್ನೊಂದು ಶಾಲಾ ಸಮಿತಿಯಾಗುತ್ತದೆ. ಮೂಲೆಯಲ್ಲಿ ಚಿತ್ರ ಗೀಚುತ್ತಾ ಕೂರುವವರೂ ಇರಲಿ. ಆರು ವಾರಗಳ ವಿಷಯ, ಭಿತ್ತಿಪತ್ರದ ಮಾತು, ಪುಸ್ತಕ ಖರೀದಿಯ ಮೊತ್ತದಲ್ಲಿ ಒಂದು ಪಾಲು ಇವರ ಕೈಗೆ ಬಿಡಿ. ಯಾವುದಕ್ಕಾದರೂ ಆಗದು ಎನ್ನಬೇಕಾಗಿ ಬಂದರೆ ಅದೇ ಸಭೆಯಲ್ಲಿ ಕಾರಣ ಹೇಳಿ.

ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ 1992ರಲ್ಲಿ ಯುನಿಸೆಫ್ ಪ್ರಕಟಣೆಯಲ್ಲಿ ವಿವರಿಸಿದ ಸಂಶೋಧಕ ರೋಜರ್ ಹಾರ್ಟ್, ಕೆಳಗಿನ ಮೂರನ್ನು ಪಾಲ್ಗೊಳ್ಳುವಿಕೆ ಎಂದೇ ಎಣಿಸಲಿಲ್ಲ. ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೊಂದು ಸ್ಥಾನ ಕೊಡುವುದು ಆ ಮೂರು. ಸ್ವಾಗತಕ್ಕೆ ಹೂಗುಚ್ಛ ಹಿಡಿಸಿದರೆ ನೀವೂ ಅಲ್ಲೇ ನಿಂತಂತೆ.

ಹೊತ್ತು, ಕೋಣೆ, ಕಾವಲು

ಒಂದು ಬೈಠಕ್ಕಿಗೆ 75 ನಿಮಿಷ: ಬಂದು ಸೇರಲು 10, ಕೈಕೆಲಸಕ್ಕೆ 45, ಮಾತಿಗೂ ಪುಸ್ತಕಕ್ಕೂ 20. ಗುಂಪು 20 ದಾಟದಿರಲಿ. ಹೆಸರು ಕೊಟ್ಟವರೆಲ್ಲ ಬರುವುದಿಲ್ಲವಾದ್ದರಿಂದ 25 ಹೆಸರು ಬರೆದುಕೊಳ್ಳಿ; ಅಷ್ಟೂ ಮಂದಿ ಬಂದರೂ ಸಾಮಗ್ರಿ ಸಾಲುವಂತಿರಲಿ. ದಿನ ಗೊತ್ತುಮಾಡುವ ಮೊದಲು ಪರೀಕ್ಷಾ ವೇಳಾಪಟ್ಟಿ ನೋಡಲೇಬೇಕು. ನಾಲ್ಕನೇ ವಾರಕ್ಕೆ ಪರೀಕ್ಷೆ ಬಂದರೆ ಸರಣಿ ಅಲ್ಲಿಗೇ ಕಡಿದುಹೋಗುತ್ತದೆ.

ಕೋಣೆಯಲ್ಲಿ ಇಬ್ಬರು ಹಿರಿಯರು ಇರಬೇಕು, ಬಾಗಿಲು ತೆರೆದಿರಬೇಕು. ಯಾವ ಹಿರಿಯರೂ ಒಬ್ಬ ಹುಡುಗ ಅಥವಾ ಹುಡುಗಿಯ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಕೂರಬಾರದು. ಫೋಟೊಗೆ ಮನೆಯವರ ಲಿಖಿತ ಒಪ್ಪಿಗೆ ಬೇಕು, ಎದುರಿಗಿರುವ ಹರೆಯದವರ ಒಪ್ಪಿಗೆಯೂ ಬೇಕು. ಸದ್ದಿನ ಬಗ್ಗೆ ಉಳಿದ ಓದುಗರಿಗೆ ಒಂದು ವಾರ ಮೊದಲೇ ಸೂಚನಾ ಫಲಕದಲ್ಲಿ ತಿಳಿಸಿ. ಇದನ್ನು ಮರೆತರೆ ಮೊದಲ ದಿನವೇ ದೂರು ಬರುತ್ತದೆ. ಯಾರಾದರೂ ಬಂದು ಗದರಿಸಿದರೆ ಆ ಮಕ್ಕಳು ಮತ್ತೆ ಈ ಕಡೆ ತಲೆಹಾಕುವುದಿಲ್ಲ.

ಮೊದಲ ವಾರಕ್ಕೆ: ಒಂದು ಹಾಳೆ, 8 ಪುಟ

ಶುರುವಿನ ಬೈಠಕ್ಕಿಗೆ ಪುಟ್ಟ ಪುಸ್ತಿಕೆ ಮಾಡಿಸಿ. ತಲೆಗೆ 3 ಎ4 ಹಾಳೆ, ಇಬ್ಬರಿಗೊಂದು ಕತ್ತರಿ, ಕಪ್ಪು ಪೆನ್ನು ಇದ್ದರಾಯಿತು. ಅಂಟು, ಪಿನ್ನು ಬೇಡ.

ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಚಿ ಬಿಚ್ಚಿದರೆ 8 ಮನೆ ಕಾಣುತ್ತವೆ, ಒಂದೊಂದೂ 74 × 105 ಮಿ.ಮೀ. ಈಗ ಗಿಡ್ಡ ಅಂಚುಗಳೆರಡೂ ಒಂದರ ಮೇಲೊಂದು ಕೂರುವಂತೆ ಒಮ್ಮೆ ಮಡಚಿ. ಮಡಿಕೆಯ ಬದಿಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ದೂರ ಮಾತ್ರ ಕತ್ತರಿಸಿ. ಹಾಳೆ ಬಿಚ್ಚಿ, ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ನಡುವಿನ ಸೀಳು ಬಾಯ್ತೆರೆದು ಕೂಡುಚಿಹ್ನೆಯಂತೆ ನಿಲ್ಲುತ್ತದೆ. ಪುಟಗಳನ್ನು ಒಂದೇ ಕಡೆಗೆ ಸುತ್ತಿದರೆ ಪುಸ್ತಿಕೆ ಸಿದ್ಧ.

ಕೆಡುವುದು ಎರಡು ಕಡೆ. ಮಡಿಕೆಯ ಬದಲು ಬಿಡಿ ಅಂಚಿನಿಂದ ಕತ್ತರಿಸಿದರೆ ಸೀಳು ನಡುವೆ ಬೀಳದೆ ಎರಡು ಹೊರತುದಿಗಳಲ್ಲಿ ಬೀಳುತ್ತದೆ, ಹಾಳೆ ವ್ಯರ್ಥ. ಎರಡನೆಯದು ಪುಟಗಳ ದಿಕ್ಕು: ಬಿಚ್ಚಿದ ಹಾಳೆಯಲ್ಲಿ ಒಂದು ಸಾಲು ತಲೆಕೆಳಗಿರುತ್ತದೆ. ಹಾಗಾಗಿ ಖಾಲಿ ಪುಸ್ತಿಕೆ ಮಡಚಿ, ಪುಟಸಂಖ್ಯೆ ಬರೆದು, ಮತ್ತೆ ಬಿಚ್ಚಿದ ಮೇಲೆಯೇ ಚಿತ್ರ-ಬರಹ ತುಂಬಿಸಲಿ. ಸುತ್ತ 5 ಮಿ.ಮೀ. ಅಂಚು ಬಿಡಿಸಿ, ಇಲ್ಲವಾದರೆ ಜೆರಾಕ್ಸ್‌ನಲ್ಲಿ ಅಕ್ಷರ ತುಂಡಾಗುತ್ತವೆ.

ಪ್ರತಿಯೊಬ್ಬರ ಪುಸ್ತಿಕೆಯ ಒಂದು ಪ್ರತಿಯನ್ನು ಕೇಳಿ ಪಡೆದು, ಪಾರದರ್ಶಕ ಚೀಲದಲ್ಲಿಟ್ಟು, ಆಕ್ಸೆಷನ್ ನಂಬರ್ (ಗ್ರಂಥಾಲಯದ ದಾಖಲೆಯಲ್ಲಿ ಆ ಪ್ರತಿಗೆ ಕೊಡುವ ಸಂಖ್ಯೆ) ಹಾಕಿ ರ‍್ಯಾಕಿಗೆ ಸೇರಿಸಿ. ತಾನು ಬರೆದದ್ದನ್ನು ಯಾರು ಎರವಲು ಒಯ್ದರು ಎಂದು ನೋಡಲು ಬರುವ ಹುಡುಗಿ, ಕಾರ್ಯಕ್ರಮ ಇಲ್ಲದ ದಿನವೂ ಬರುತ್ತಾಳೆ.

ಪುಸ್ತಕ ಕೋಣೆಗೇ ಬರಲಿ

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದೂ ಒಂದು. ಆ ವಾರದ ವಿಷಯಕ್ಕೆ ಹೊಂದುವ 25 ಪುಸ್ತಕಗಳನ್ನು ಟ್ರಾಲಿಯಲ್ಲಿ ಮುಖಪುಟ ಕಾಣುವಂತೆ ಜೋಡಿಸಿ ಬಾಗಿಲ ಬಳಿ ನಿಲ್ಲಿಸಿ. ಕಾಮಿಕ್ಸ್, ತೆಳು ಪುಸ್ತಕ, ಮಾಹಿತಿ ಪುಸ್ತಕ ಬೆರೆತಿರಲಿ. ಎರವಲು ಕೌಂಟರ್ ಬೈಠಕ್ ಮುಗಿದ ಮೇಲೂ ಅರ್ಧ ಗಂಟೆ ತೆರೆದಿರಲಿ. ಕಾರ್ಡ್ ಇಲ್ಲದವರಿಗೆ ಅಲ್ಲೇ ಮಾಡಿಕೊಡಿ. ಹಳೆಯ ದಂಡ ಬಾಕಿಯಿರುವವರು ನಾಚಿ ಕೌಂಟರಿಗೇ ಬರುವುದಿಲ್ಲ. ನಿಯಮಕ್ಕೆ ಅವಕಾಶವಿದ್ದರೆ ದಂಡ ಮನ್ನಾ ಮಾಡಿ, ಮನ್ನಾ ಆಗಿದೆ ಎಂದು ಭಿತ್ತಿಪತ್ರದಲ್ಲೇ ಬರೆಯಿರಿ.

ಲೆಕ್ಕದಲ್ಲಿ ಏನಿರಬೇಕು

ಬಂದವರ ಸಂಖ್ಯೆಯ ಪಕ್ಕದಲ್ಲಿ ಇನ್ನೆರಡು ಸಾಲು ಹಾಕಿ: ಎರಡನೇ ಸಲ ಬಂದವರು ಎಷ್ಟು, ಟ್ರಾಲಿಯಿಂದ ಹೋದ ಪುಸ್ತಕ ಎಷ್ಟು. ಮೊದಲ ವಾರ 20 ಇದ್ದವರು ಮೂರನೇ ವಾರ 8ಕ್ಕೆ ಇಳಿದರೆ ವಿಷಯವನ್ನು ದೂರುವ ಮೊದಲು ಹೊತ್ತನ್ನು ನೋಡಿ. ಕತ್ತಲಾಗುವ ಮುನ್ನ ಮನೆ ಸೇರಬೇಕಾದವರು ಯಾರಿಗೂ ಹೇಳದೆ ಬಿಟ್ಟಿರುತ್ತಾರೆ. ಅರ್ಧ ಗಂಟೆ ಮೊದಲೇ ಶುರುಮಾಡಿದರೆ ಅವರಿಗೆ ದಾರಿಯಾಗುತ್ತದೆ. ಐದನೇ ವಾರ ಸಲಹಾ ತಂಡದೊಂದಿಗೆ ಕೂತು ಯಾವುದನ್ನು ಕೈಬಿಡಬೇಕು, ಯಾವುದನ್ನು ಅವರೇ ನಡೆಸುತ್ತಾರೆ ಎಂದು ಗೊತ್ತುಮಾಡಿ. ಆರನೇ ವಾರ ಎಲ್ಲರೂ ಹೊರಡುವಷ್ಟರಲ್ಲಿ ಮುಂದಿನ ಸರಣಿಯ ಮೊದಲ ತಾರೀಕು ಬಾಗಿಲ ಮೇಲೆ ಅಂಟಿರಬೇಕು.